ಉಡಿ ಜಾಡಿಸುವ ಹೊತ್ತು

ದೇವದುರ್ಗ
೧೫ ಡಿಸೆಂಬರ್ ೧೯೮೩

ಮಂದಾಕಿನಿ ಮೇಡಂ ಅವರಿಗೆ,

ಇಲ್ಲಿ ಕ್ಷೇಮವಿಲ್ಲ. ಆದ್ದರಿಂದ ಅಲ್ಲಿಯ ಕ್ಷೇಮ ಕೇಳುವುದಿಲ್ಲ.

ನನ್ನ ತಂಗಿ ಹುಲಿಗೆಮ್ಮ ನಿಮ್ಮ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಾಳೆ, ನಿಮ್ಮದೇ ಅರ್ಥಶಾಸ್ತ್ರದ ತರಗತಿಯಲ್ಲಿ ಕೂರುತ್ತಾಳೆ ಎಂಬುದು ನಿಮಗೆ ನೆನಪಿರಬಹುದು. ಹೋದ ಶನಿವಾರ ಅವಳು ಹಾಸ್ಟೆಲ್ಲಿನಲ್ಲಿ ಯಾರಿಗೂ ಹೇಳದೆ, ಟ್ರಂಕು ಹೊತ್ತು ಬಸ್ಸು ಹತ್ತಿ, ಮಾನ್ವಿಗೆ ಅವ್ವನ ಮನೆಗೆ ಬಂದಿದ್ದಾಳೆ. ಬಂದವಳು ಬಾಯಿ ಬಿಡಲಿಲ್ಲ. ಅವ್ವ ಹೇಳಿ ಕಳಿಸಿದ ಮೇಲೆ ನಾನು ಶಾಲೆಗೆ ರಜೆ ಹಾಕಿ ಹೋಗಿ ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ. ತಿದ್ದುವುದು ನಿಮ್ಮ ಕಸುಬು.

ನೀವು ಅನುಭವ ಪಾಠ ಎಂಬುದನ್ನು ಶುರು ಮಾಡಿದ್ದೀರಿ. ರಸಾಯನಶಾಸ್ತ್ರದ ಹುಡುಗಿಯರು ಅಕ್ಕಿ ಗಿರಣಿಗೆ, ಇತಿಹಾಸದವರು ಕೋಟೆಗೆ, ಕನ್ನಡದವರು ಕಳೆ ತೆಗೆಯುವವರ ಹಾಡು ಕೇಳಲು ಹೊಲಕ್ಕೆ, ಅರ್ಥಶಾಸ್ತ್ರದವರು ಹತ್ತಿಯ ಜಿನ್ನಿಂಗ್ ಗಿರಣಿಗೆ. ಬರೀ ನೋಡಿ ಬರುವುದಲ್ಲ. ಒಂದು ವಾರ ಅಲ್ಲಿಯ ಹೆಂಗಸರ ಜೊತೆ ಕೂತು ಅವರ ಕೆಲಸ ಮಾಡಬೇಕು. ಸೀರೆ ಉಟ್ಟು, ಸೆರಗನ್ನು ಮುಂದೆ ತಂದು ಸೊಂಟಕ್ಕೆ ಸಿಕ್ಕಿಸಿ ಉಡಿ ಕಟ್ಟಬೇಕು. ಕಸ ತೆಗೆದು ಆರಿಸಿದ ಹತ್ತಿ ಆ ಉಡಿಯೊಳಗೆ. ಇದು ನಿಮ್ಮ ಕಟ್ಟಳೆ.

ಸಂಜೆ ಗಿರಣಿ ಬಿಡುವ ಭೋಂಗಾ ಊದಿದ ಮೇಲೆ ಆ ಗೇಟಿನಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಹೆಂಗಸರು ಸಾಲಾಗಿ ನಿಲ್ಲುತ್ತಾರೆ. ಗೇಟಿನ ಹೀರಾಬಿ ಒಬ್ಬೊಬ್ಬರನ್ನೇ ಕರೆಯುತ್ತಾಳೆ. ಉಡಿ ಬಿಚ್ಚಿ ಜಾಡಿಸಿ ತೋರಿಸಬೇಕು, ಹತ್ತಿ ಕದ್ದು ಒಯ್ಯುತ್ತಿಲ್ಲ ಎಂದು. ಆಮೇಲೆ ಹೀರಾಬಿ ಸೊಂಟದ ಸುತ್ತ ಕೈಯಾಡಿಸುತ್ತಾಳೆ. ಆಮೇಲೆ ಮನೆ. ನಮ್ಮ ಅವ್ವ ಮಾರೆಮ್ಮ ನಮ್ಮಿಬ್ಬರನ್ನೂ ಓದಿಸಿದ್ದು ಆ ಸಾಲಿನಲ್ಲಿ ನಿಂತು. ಗಿರಣಿ ಬಿಟ್ಟು ಎಷ್ಟೋ ಕಾಲವಾಯಿತು. ಇವತ್ತಿಗೂ ಯಾರ ಮನೆಗೆ ಹೋದರೂ, ತನ್ನ ಮನೆಗೇ ಬಂದರೂ, ಹೊಸ್ತಿಲ ಮುಂದೆ ನಿಂತು ಒಮ್ಮೆ ಉಡಿ ಜಾಡಿಸಿ ಒಳಗೆ ಕಾಲಿಡುತ್ತಾಳೆ. ಖಾಲಿ ಉಡಿ.

ನಿಮ್ಮ ಹುಡುಗಿಯರನ್ನೆಲ್ಲ ಉಡಿ ನೋಡದೆ ಪಕ್ಕದ ಸಣ್ಣ ಬಾಗಿಲಿನಿಂದ ಬಿಡುತ್ತಿದ್ದರಂತೆ. ಕೊನೆಯ ಸಂಜೆ ಹೀರಾಬಿ ಹುಲಿಗೆಮ್ಮನ ಮುಖ ನೋಡಿ, "ಮಾರೆಮ್ಮನ ಮಗಳಲ್ಲೇನು ನೀ? ಅದಕ ಅಂತೀನಿ, ಈ ಮಾರಿ ಎಲ್ಲೋ ನೋಡೀನಂತ," ಅಂದಳು. ನನ್ನ ತಂಗಿ ಹೌದೆಂದು ನಕ್ಕಳು. ಪರಿಚಯದವರು ಸಿಕ್ಕರೆಂದು ನಕ್ಕಳು. ಆಗ ಹೀರಾಬಿ, "ಹಂಗಾರ ಈ ಸಾಲಿಗೆ ಬಾರವ್ವಾ, ಉಡಿ ಜಾಡ್ಸಿ ಹೋಗು," ಅಂದಳು.

ಉಳಿದವರು ಹೊರಗೆ ನಿಂತು ನೋಡಿದರು. ಹುಲಿಗೆಮ್ಮ ಜಾಡಿಸಿದಳು. ಏನೂ ಬೀಳಲಿಲ್ಲ.

ನೀವು ಎಲ್ಲಿದ್ದಿರಿ?

ಅಮರಮ್ಮ

*

ರಾಯಚೂರು
೨೨ ಡಿಸೆಂಬರ್ ೧೯೮೩

ಅಮರಾ,

ಗುಲಬರ್ಗಾದಲ್ಲಿ ಎಂ.ಎ. ಓದುವಾಗ ಒಂದೇ ಕೋಣೆಯಲ್ಲಿದ್ದು, ಒಂದೇ ಪುಸ್ತಕದಿಂದ ಸರದಿಯ ಮೇಲೆ ಕವಿತೆ ಓದಿಕೊಂಡವರು ನಾವು. ಈಗ ನೀನು ನನ್ನನ್ನು "ನೀವು" ಎಂದು ಬರೆದಿದ್ದೀಯ. ಬೈಗುಳಕ್ಕಿಂತ ಚೆನ್ನಾಗಿ ನಾಟಿದೆ. ನಾಟಲಿ ಎಂದೇ ಬರೆದಿದ್ದೀಯ.

ನಾನು ಗಿರಣಿಯ ಆಫೀಸಿನಲ್ಲಿದ್ದೆ. ಬರುವ ವರ್ಷದ ತಂಡಕ್ಕೆ ಒಪ್ಪಿಗೆ ಕೇಳುತ್ತಿದ್ದೆ. ಹುಡುಗಿಯರು ಹೇಳಿದ ಮೇಲೆ ಗೊತ್ತಾಯಿತು. ಆಗಬಾರದಿತ್ತು. ಹೀರಾಬಿಗೆ ಕೆಟ್ಟ ಉದ್ದೇಶವಿರಲಿಲ್ಲ, ಅಭ್ಯಾಸಬಲ. ಹುಲಿಗೆಮ್ಮನಿಗೆ ನೋವಾಗಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ನೀನು ಬರೆದಿರುವ ಧಾಟಿ ನನಗೆ ಒಪ್ಪಿಗೆಯಿಲ್ಲ. ಬಂಗಲೆಯಿಂದ ಇಳಿದು ಬಂದು ಕೂಲಿಯವರನ್ನು ನೋಡಿ ಹೋಗುವ ದೊರೆಸಾನಿಯಂತೆ ನನ್ನನ್ನು ಚಿತ್ರಿಸಿದ್ದೀಯ. ಈ ಪಾಠಕ್ಕಾಗಿ ನಾನು ಎರಡು ವರ್ಷ ಕಾದಾಡಿದ್ದೇನೆ. ಕೂಲಿಯ ಅಧ್ಯಾಯವನ್ನು ಉರು ಹೊಡೆದು ಮೊದಲ ದರ್ಜೆ ತೆಗೆದುಕೊಳ್ಳುವ ಹುಡುಗಿಯರು ಗಿರಣಿಯ ಧೂಳಿನಲ್ಲಿ ಒಂದು ದಿನ ಕೂತಿಲ್ಲ. ರಸಾಯನಶಾಸ್ತ್ರದವರಿಗೆ ತೌಡಿನ ವಾಸನೆ ಗೊತ್ತಿಲ್ಲ. ನಮ್ಮ ಪ್ರಿನ್ಸಿಪಾಲ್ ವೆಂಕೋಬರಾಯರು, "ಕಾಲೇಜು ಕಲಸೂ ಜಾಗಾನೋ, ಕೂಲಿ ಮಾಡಸೂ ಜಾಗಾನೋ?" ಎಂದು ಸಭೆಯಲ್ಲಿ ಎಲ್ಲರೆದುರು ಕೇಳಿದವರು. ಇದು ಬೀಳುವುದನ್ನೇ ಅವರು ಕಾಯುತ್ತಿದ್ದಾರೆ. ನಿನ್ನ ಕಾಗದ ಅವರ ಕೈಗೆ ಸಿಕ್ಕರೆ ಹಬ್ಬ ಮಾಡುತ್ತಾರೆ.

ಇನ್ನೊಂದು ಮಾತು. ಪ್ರತಿಯೊಬ್ಬಳೂ ತನ್ನ ಅನುಭವದ ವರದಿ ಬರೆದು ಕೊಡಬೇಕು. ಅದಕ್ಕೆ ಇಪ್ಪತ್ತೈದು ಅಂಕಗಳಿವೆ. ಅದರಲ್ಲಿ ಪಾಸಾಗದೆ ಮುಂದಿನ ವರ್ಷಕ್ಕೆ ಹೋಗುವಂತಿಲ್ಲ. ಬೇರೆ ಯಾರಿಗೂ ಸಿಗದ ಅನುಭವ ಹುಲಿಗೆಮ್ಮನಿಗೆ ಸಿಕ್ಕಿದೆ. ಅದನ್ನೇ ಬರೆಯಲಿ. ಅವಳದು ಅತ್ಯುತ್ತಮ ವರದಿಯಾಗುತ್ತದೆ.

ಮಂದಾ

*

ದೇವದುರ್ಗ
೮ ಜನವರಿ ೧೯೮೪

ಮಂದಾಕಿನಿ ಮೇಡಂ,

ನಿಮ್ಮ ಕಾಗದದ ಕೊನೆಯ ಸಾಲುಗಳನ್ನು ನಾನು ಹುಲಿಗೆಮ್ಮನಿಗೆ ಓದಿ ಹೇಳಲಿಲ್ಲ. ಅವಳೇ ಕಿತ್ತುಕೊಂಡು ಓದಿದಳು.

ಸಿಗದ ಅನುಭವ ಸಿಕ್ಕಿದೆಯಂತೆ. ಲಾಟರಿ ಹೊಡೆದಂತೆ ಬರೆದಿದ್ದೀರಿ. ಗೇಟಿನಲ್ಲಿ ಹೀರಾಬಿ ಒಮ್ಮೆ ಜಾಡಿಸು ಎಂದಳು. ಈಗ ನೀವು ಅಂಕ ಕೊಡುತ್ತೇನೆ ಎಂದು ಕಾಗದದ ಮೇಲೆ ಇನ್ನೊಮ್ಮೆ ಜಾಡಿಸು ಎನ್ನುತ್ತೀರಿ. ಹೀರಾಬಿಯೇ ವಾಸಿ, ಅವಳು ಅದಕ್ಕೆ ಪಾಠ ಎಂದು ಹೆಸರಿಡಲಿಲ್ಲ.

ಗಿರಣಿಯ ಧೂಳು ಗೊತ್ತಿಲ್ಲದ ಹುಡುಗಿಯರಿಗೆ ಧೂಳು ತೋರಿಸಿ, ನನ್ನ ತಕರಾರಿಲ್ಲ. ಅದನ್ನು ಕುಡಿದೇ ಬೆಳೆದವಳನ್ನು ಯಾಕೆ ಕರೆದುಕೊಂಡು ಹೋದಿರಿ? ಅವಳಿಗೆ ಇಲ್ಲದ ಅನುಭವ ಯಾವುದು ಎಂದು ಒಮ್ಮೆಯಾದರೂ ಕೇಳಿದಿರಾ? ಬ್ಯಾಂಕಿನ ಮ್ಯಾನೇಜರನ ಎದುರು ಕುರ್ಚಿಯ ಮೇಲೆ ಕೂತು ಮಾತಾಡುವ ಅನುಭವ ಅವಳಿಗಿಲ್ಲ. ನಿಮ್ಮ ಮನೆಯ ನಡುಮನೆಯಲ್ಲಿ ಕೂತು ಚಹಾ ಕುಡಿಯುವ ಅನುಭವ ಅವಳಿಗಿಲ್ಲ. ಆ ಗಿರಣಿಯ ಆಫೀಸಿನಲ್ಲಿ, ಪಂಖದ ಕೆಳಗೆ, ನೀವು ಕೂತಿದ್ದಿರಲ್ಲ, ಅದೂ ಇಲ್ಲ. ಪಾಠ ಅಲ್ಲಿಂದ ಶುರುವಾಗಬಹುದಿತ್ತು.

ಅವ್ವನಿಗೆ ವಿಷಯ ಹೇಳಿದಾಗ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಮೊದಲು ಹೀರಾಬಿಯ ಬಗ್ಗೆ ವಿಚಾರಿಸಿದಳು. ಇನ್ನೂ ಇದ್ದಾಳೇನು, ಮೊಣಕಾಲು ನೋವು ಹೇಗಿದೆಯಂತೆ, ಹಲ್ಲು ಉಳಿದಿವೆಯೇ ಎಂದು. ಅವರಿಬ್ಬರೂ ಒಂದೇ ಡಬ್ಬಿಯ ಎಲೆ ಅಡಿಕೆ ಹಾಕಿದವರು. ಆಮೇಲೆ ರೊಟ್ಟಿ ತಟ್ಟುತ್ತ ತಟ್ಟುತ್ತ, ತಲೆ ಎತ್ತದೆ ಅಂದಳು: "ನಾ ಜಾಡ್ಸಿದ್ದು ನೀವು ಜಾಡ್ಸಬಾರದಂತ."

ಅಷ್ಟೇ. ಆ ರೊಟ್ಟಿ ಹೊತ್ತಿ ಹೋಯಿತು.

ಹುಲಿಗೆಮ್ಮ ವರದಿ ಬರೆಯುವುದಿಲ್ಲ. ಅಂಕ ಹೇಗೆ ಕೊಡುತ್ತೀರೋ ಅದು ನಿಮಗೆ ಬಿಟ್ಟದ್ದು.

ಅಮರಮ್ಮ

*

ರಾಯಚೂರು
೩೦ ಜನವರಿ ೧೯೮೪

ಹುಲಿಗೆಮ್ಮ, ಬಿ.ಎ. ದ್ವಿತೀಯ ವರ್ಷ, ಇವಳ ಪೋಷಕರಿಗೆ,

ಸದರಿ ವಿದ್ಯಾರ್ಥಿನಿಯು ಡಿಸೆಂಬರ್ ತಿಂಗಳಿನಿಂದ ತರಗತಿಗೆ ಗೈರುಹಾಜರಾಗಿದ್ದು, ಅನುಭವ ಪಾಠದ ವರದಿಯನ್ನೂ ಸಲ್ಲಿಸಿರುವುದಿಲ್ಲ. ಮಾರ್ಚ್ ಹತ್ತರೊಳಗೆ ಸಲ್ಲಿಸದಿದ್ದಲ್ಲಿ ವಾರ್ಷಿಕ ಪರೀಕ್ಷೆಗೆ ಕೂರಲು ಅವಕಾಶವಿರುವುದಿಲ್ಲ ಎಂದು ತಿಳಿಯಪಡಿಸಲಾಗಿದೆ.

ಮಂದಾಕಿನಿ
ಅರ್ಥಶಾಸ್ತ್ರ ಉಪನ್ಯಾಸಕಿ

ಅಮರಾ, ಮೇಲಿನದು ಕಾಲೇಜಿನ ಮಾತು, ಇದು ನನ್ನದು. ಬರೆಯದವಳಿಗೆ ನಾನು ಅಂಕ ಹಾಕುವುದಿಲ್ಲ. ಗುಲಬರ್ಗಾದಲ್ಲಿ ನಿನಗೆ ಜ್ವರ ಬಂದಾಗ ನಿನ್ನ ಪ್ರಬಂಧವನ್ನು ನಾನು ಬರೆದುಕೊಡುತ್ತೇನೆ ಎಂದದ್ದಕ್ಕೆ ನೀನು ತಿಂಗಳುಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ದೆ. ಯಾರ ದಯೆಯೂ ಬೇಡ ಎಂದಿದ್ದೆ. ಈಗ ತಂಗಿಗೆ ಅದೇ ದಯೆ ಕೇಳುತ್ತಿದ್ದೀಯ. — ಮಂ.

*

ದೇವದುರ್ಗ
೬ ಫೆಬ್ರವರಿ ೧೯೮೪

ಮಂದಾ,

ಇನ್ನು ಮೇಲೆ "ನೀನು" ಅನ್ನುತ್ತೇನೆ. ಬೈಯಲು ಅದೇ ಅನುಕೂಲ.

ದಯೆ ಕೇಳಲಿಲ್ಲ. ಕೇಳುವುದೂ ಇಲ್ಲ. ನಪಾಸು ಮಾಡು. ಹುಲಿಗೆಮ್ಮ ಮಾನ್ವಿಯಲ್ಲಿ ಅವ್ವನ ಜೊತೆ ಭತ್ತದ ಗದ್ದೆಗೆ ಹೋಗಲು ಶುರು ಮಾಡಿದ್ದಾಳೆ. ನಿನಗೆ ಸಂತೋಷವಾಗಬೇಕು, ದಿನವೂ ಅನುಭವ.

ಒಂದೇ ಒಂದು ಹೇಳುತ್ತೇನೆ. ನೀನು ಒಂದು ದಿನ ಆ ಹೆಂಗಸರ ಜೊತೆ ಕೂತು, ಸಂಜೆ ಅವರ ಸಾಲಿನಲ್ಲಿ ನಿಂತು, ಹೀರಾಬಿಯ ಮುಂದೆ ಉಡಿ ಜಾಡಿಸಿ ಹೊರಗೆ ಬಾ. ಬಂದು ಅದನ್ನು ಬರೆ. ಆಮೇಲೆ ನನ್ನ ತಂಗಿಯ ವರದಿ ಕೇಳು.

ಅಮರಮ್ಮ

*

ರಾಯಚೂರು
೨೦ ಫೆಬ್ರವರಿ ೧೯೮೪

ಅಮರಾ,

ಹೋಗಿದ್ದೆ.

ನೀನು ಗೆದ್ದೆ ಎಂದು ಬರೆಯುತ್ತಿಲ್ಲ. ನಡೆದದ್ದನ್ನು ಬರೆಯುತ್ತಿದ್ದೇನೆ. ಹಳೆಯ ನೂಲಿನ ಸೀರೆ ಉಟ್ಟು, ಉಡಿ ಕಟ್ಟಿ, ಬೆಳಿಗ್ಗೆಯಿಂದ ಹೆಂಗಸರ ನಡುವೆ ಕೂತೆ. ಹಳದಿಗಟ್ಟಿದ ಹತ್ತಿ, ಕಾಯಿಯ ಚೂರು, ಒಣಗಿದ ಎಲೆ ಇವನ್ನೆಲ್ಲ ಬೇರೆ ಮಾಡುವ ಕೆಲಸ. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿತು. ನನ್ನ ಪಕ್ಕ ಕೂತವಳು ತನ್ನ ಬುತ್ತಿಯಿಂದ ಹಿಂಡಿ ಪಲ್ಲೆ ಬಡಿಸಿದಳು, ಆದರೆ ನನ್ನ ಜೊತೆ ಮಾತಾಡಲಿಲ್ಲ. ನಾನು ಬಂದ ಕಡೆ ಹಾಡು ನಿಲ್ಲುತ್ತಿತ್ತು.

ಸಂಜೆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಹೀರಾಬಿ, "ಅಕ್ಕಾರ, ನೀವು ಯಾಕ ಈ ಸಾಲಿನ್ಯಾಗ? ಆ ಕಡಿ ಬಾಗಲ ಅದಲ್ರಿ," ಅಂದಳು. ನನ್ನ ಉಡಿಯನ್ನೂ ನೋಡು ಎಂದೆ. ಅವಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹುಲಿಗೆಮ್ಮನದನ್ನು ನೋಡಿದೆಯಲ್ಲ ಎಂದೆ.

"ಅಕಿ ನಮ್ಮಾಕಿ. ಅಕೀನ್ನ ಹಂಗss ಬಿಟ್ರ ಮಾಲಕ ನನ್ನ ಕೇಳ್ತಾನ. ನಿಮ್ಮ ಉಡಿಗಿ ಕೈ ಹಾಕಿದ್ರೂ ನನ್ನss ಕೇಳ್ತಾನ. ನಾ ಏನು ಮಾಡ್ಲಿ, ನೀವ ಹೇಳ್ರಿ."

ನಾನು ಸಾಲಿನಿಂದ ಸರಿಯಲಿಲ್ಲ. ನನ್ನ ಹಿಂದೆ ನಿಂತವಳು, ಅದೇ ಹಿಂಡಿ ಪಲ್ಲೆ ಕೊಟ್ಟವಳು, "ನಿಮ್ಮ ಆಟ ಲಗೂ ಮುಗಸ್ರಿ ಅಕ್ಕಾರ, ನಮ್ಮ ಮನ್ಯಾಗ ಒಲಿ ಹಚ್ಚಬೇಕು," ಅಂದಳು. ಸಾಲು ನಕ್ಕಿತು.

ಆಗ ನಾನೇ ಉಡಿ ಬಿಚ್ಚಿ ಜಾಡಿಸಿದೆ. ಅಮರಾ, ಹತ್ತಿ ಬಿತ್ತು. ಒಂದು ಹಿಡಿಯಷ್ಟು, ಬೆಳ್ಳಗೆ, ನನ್ನ ಕಾಲ ಹತ್ತಿರ. ಖಾಲಿ ಮಾಡಿ ಎದ್ದೆ ಎಂದುಕೊಂಡಿದ್ದೆ, ಮಡಿಕೆಯೊಳಗೆ ಉಳಿದಿತ್ತು. ನಗು ನಿಂತಿತು. ಹೀರಾಬಿ ಗೋಡೆಯ ಕಡೆ ಮುಖ ತಿರುಗಿಸಿದಳು. ನನ್ನ ಹಿಂದಿನವಳು ಹತ್ತಿಯಿಂದ ಹಿಂದಕ್ಕೆ ಸರಿದಳು. ಯಾರೂ ನನಗೆ ಏನೂ ಅನ್ನಲಿಲ್ಲ. ನಾನು ಗೇಟು ದಾಟಿ ಬಂದೆ.

ನಿನ್ನ ಶರತ್ತು ತೀರಿತು. ಈಗ ಅವಳ ವರದಿ ಕಳಿಸು.

ಮಂದಾ

*

ದೇವದುರ್ಗ
೨ ಮಾರ್ಚ್ ೧೯೮೪

ಮಂದಾ,

ನಿನ್ನ ಕಾಗದವನ್ನು ಮಾನ್ವಿಗೆ ಒಯ್ದು ಅವ್ವನಿಗೂ ಹುಲಿಗೆಮ್ಮನಿಗೂ ಓದಿದೆ. ಹತ್ತಿ ಬಿತ್ತು ಎಂಬಲ್ಲಿಗೆ ಬಂದಾಗ ಅವ್ವ ನಕ್ಕಳು. ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ಕಣ್ಣಲ್ಲಿ ನೀರು ಬಂದು, ಕೆಮ್ಮು ಹತ್ತಿ, ಬೆನ್ನು ತಟ್ಟಬೇಕಾಯಿತು. "ಅಷ್ಟು ವರ್ಷ ನನ್ನುಡ್ಯಾಗ ಒಂದು ಎಳಿ ಸಿಗಲಿಲ್ಲ. ಅಕಿ ಒಂದss ದಿನದಾಗ ಕದ್ಳು ನೋಡು," ಅಂದಳು. ಆ ಸಂಜೆ ನೀರು ತಂದವಳು ಹೊಸ್ತಿಲಲ್ಲಿ ನಿಲ್ಲದೆ ಸೀದಾ ಒಳಗೆ ಬಂದಳು. ಮಾರನೆಯ ದಿನ ಮತ್ತೆ ಜಾಡಿಸಿಯೇ ಬಂದಳು. ಇರಲಿ.

ಹುಲಿಗೆಮ್ಮ ನಗಲಿಲ್ಲ. ಕಾಗದ ತೆಗೆದುಕೊಂಡು ಮೂಲೆಯಲ್ಲಿ ಕೂತಳು. ನನ್ನ ಚೀಲದಿಂದ ಕೆಂಪು ಪೆನ್ನು ಕೇಳಿದಳು. ಅವಳು ತಿದ್ದಿದ ನಿನ್ನ ಕಾಗದವನ್ನೇ ನಿನಗೆ ವಾಪಸು ಕಳಿಸುತ್ತಿದ್ದೇನೆ, ನೋಡು. "ಗಂಟಲು ಕಟ್ಟಿತು" ಎಂಬುದರ ಕೆಳಗೆ ಗೆರೆ ಎಳೆದು "ಎಲ್ಲರಿಗೂ ಕಟ್ಟುತ್ತದೆ" ಎಂದು ಬರೆದಿದ್ದಾಳೆ. "ಹೀರಾಬಿ ಗೋಡೆಯ ಕಡೆ ಮುಖ ತಿರುಗಿಸಿದಳು" ಎಂಬಲ್ಲಿ: "ಯಾಕೆ? ನೋಡಿದರೆ ಹಿಡಿಯಬೇಕು, ನಿಮ್ಮನ್ನು ಹಿಡಿಯುವಂತಿಲ್ಲ. ಇದನ್ನು ವಿವರಿಸಿಲ್ಲ." ಕೊನೆಯಲ್ಲಿ, "ಯಾರೂ ನನಗೆ ಏನೂ ಅನ್ನಲಿಲ್ಲ" ಎಂಬುದರ ಪಕ್ಕ: "ಹತ್ತಿ ನೆಲದ ಮೇಲಿತ್ತು. ನೀವು ಹೋದ ಮೇಲೆ ಅದು ಯಾರ ಹೆಸರಿಗೆ ಬಿತ್ತು? ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ."

ಇಪ್ಪತ್ತೈದಕ್ಕೆ ಎಂಟು ಹಾಕಿದ್ದಾಳೆ. ಒಂಬತ್ತಕ್ಕೆ ಪಾಸು ಎಂದು ನಾನು ನೆನಪು ಮಾಡಿದೆ. "ಗೊತ್ತದ, ಅದಕ ಎಂಟು," ಅಂದಳು.

ಇದೇ ಅವಳ ವರದಿ. ಬೇರೆ ಇಲ್ಲ.

ಅಮರಮ್ಮ

*

ರಾಯಚೂರು
೨೮ ಮಾರ್ಚ್ ೧೯೮೪

ಅಮರಾ,

ಕೆಂಪು ಶಾಯಿಯ ಕಾಗದವನ್ನು ನೋಡಿ ನನಗೆ ಬಂದ ಸಿಟ್ಟನ್ನು ನಿನಗೆ ಬರೆಯುವುದಿಲ್ಲ. ಎರಡು ದಿನ ಅದನ್ನು ಮೇಜಿನ ಖಾನೆಯಲ್ಲಿ ಹಾಕಿ ಬೀಗ ಹಾಕಿದ್ದೆ. ಆಮೇಲೆ ಕೊನೆಯ ಪ್ರಶ್ನೆ ಬೀಗದೊಳಗೆ ಕೂರಲಿಲ್ಲ. ಗಿರಣಿಗೆ ಹೋದೆ.

ನನ್ನ ಹಿಂದೆ ನಿಂತಿದ್ದವಳ ಹೆಸರು ಭೀಮವ್ವ. ಒಲೆ ಹಚ್ಚಬೇಕು ಎಂದವಳು. ನಾನು ದಾಟಿದ ಮೇಲೆ ಮೇಸ್ತ್ರಿ ಬಂದು ನೆಲದ ಮೇಲಿನ ಹತ್ತಿ ಯಾರದೆಂದು ಕೇಳಿದನಂತೆ. ನನ್ನ ಹೆಸರು ಹೇಳುವ ಧೈರ್ಯ ಹೀರಾಬಿಗೆ ಇರಲಿಲ್ಲ. ನಾನು ಹೋದ ಮೇಲೆ ಸಾಲಿನ ತುದಿಗೆ, ಆ ಹತ್ತಿಯ ಹತ್ತಿರ, ನಿಂತಿದ್ದವಳು ಭೀಮವ್ವ. ಅವಳದೇ ಆಯಿತು. ಮರುದಿನದಿಂದ ಅವಳನ್ನು ಗಿರಣಿಯೊಳಗೆ ಬಿಟ್ಟಿಲ್ಲ.

ಮಾಲಕರ ಆಫೀಸಿಗೆ ಹೋಗಿ, ಆ ಹತ್ತಿ ನನ್ನ ಉಡಿಯದು ಎಂದೆ. ಅವರು ನಕ್ಕು, ಫ್ಯಾನು ಜೋರು ಮಾಡಿಸಿ, ಚಹಾ ತರಿಸಿದರು. "ನಿಮ್ಮ ಕೈಯಾಗ ನಾಕು ಎಳಿ ಹತ್ತಿ ಹೋದ್ರ ನಮ್ಮ ಗಿರಣಿ ಮುಳಗೂದಿಲ್ಲ ಬಿಡ್ರಿ ಮೇಡಂ." ಹಾಗಾದರೆ ಭೀಮವ್ವನನ್ನು ಸೇರಿಸಿಕೊಳ್ಳಿ ಎಂದೆ. ಅದು ಬೇರೆ ವಿಷಯ ಎಂದರು. ಚಹಾ ಮುಟ್ಟದೆ ಬಂದೆ. ಅದರಿಂದ ಅವರಿಗೆ ಏನೂ ಆಗಲಿಲ್ಲ, ಭೀಮವ್ವನಿಗೂ ಏನೂ ಆಗಲಿಲ್ಲ.

ನನ್ನ ಕಾಗದವನ್ನು, ಕೆಂಪು ಗೆರೆಗಳ ಸಮೇತ, ಹುಲಿಗೆಮ್ಮನ ವರದಿ ಎಂದು ಕಡತಕ್ಕೆ ಸೇರಿಸಿದೆ. ಇಪ್ಪತ್ತೊಂದು ಅಂಕ ಕೊಟ್ಟಿದ್ದೇನೆ. ಇದು ದಯೆಯಲ್ಲ, ಈ ವರ್ಷ ನನ್ನ ಕೈಗೆ ಬಂದ ವರದಿಗಳಲ್ಲಿ ಗಿರಣಿ ಹೇಗೆ ನಡೆಯುತ್ತದೆ ಎಂದು ಕೇಳಿದ್ದು ಅದೊಂದೇ. ಉಳಿದವರು ಧೂಳಿನ ಬಗ್ಗೆ ಬರೆದಿದ್ದಾರೆ. ವೆಂಕೋಬರಾಯರು ಅದನ್ನು ನಿಧಾನವಾಗಿ, ರುಚಿ ನೋಡುತ್ತ ಓದಿದರು. ಕನ್ನಡಕ ತೆಗೆದು, "ಹತ್ತಿ ನಿಮ್ಮದೇನು?" ಎಂದರು. ಹೌದೆಂದೆ. ಜೂನ್‌ನಿಂದ ಅನುಭವ ಪಾಠವಿಲ್ಲ. ಅರ್ಥಶಾಸ್ತ್ರಕ್ಕಷ್ಟೇ ಅಲ್ಲ, ಯಾವ ವಿಷಯಕ್ಕೂ ಇಲ್ಲ. ಕೋಟೆಗೆ ಹೋಗಲು ಕಾದಿದ್ದ ಹುಡುಗಿಯರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಿನಗೆ ಬೇಕಾದದ್ದು ಸಿಕ್ಕಿತು.

ಪರೀಕ್ಷೆ ಏಪ್ರಿಲ್ ಹದಿನೆಂಟಕ್ಕೆ ಶುರು. ಹಾಸ್ಟೆಲ್ಲಿನಲ್ಲಿ ಅವಳ ಜಾಗ ಹಾಗೆಯೇ ಇದೆ. ಗದ್ದೆಯಿಂದ ಎಬ್ಬಿಸಿ ಕಳಿಸು.

ಅವಳು ಕೇಳಿದ್ದಕ್ಕೆ ಉತ್ತರ ಬರೆದಿದ್ದೇನೆ. ಇನ್ನಾದರೂ ಒಂಬತ್ತು ಆಗುತ್ತದೆಯೇ ಎಂದು ಕೇಳಿ ತಿಳಿಸು.

ಮಂದಾ

*

ದೇವದುರ್ಗ
೧೪ ಏಪ್ರಿಲ್ ೧೯೮೪

ಮಂದಾ,

ಹುಲಿಗೆಮ್ಮನನ್ನು ನಿನ್ನೆ ರಾಯಚೂರಿನ ಹಾಸ್ಟೆಲ್ಲಿಗೆ ಬಿಟ್ಟು ಬಂದೆ. ನಿನ್ನ ಮನೆಯ ಮುಂದಿನಿಂದಲೇ ಹೋದೆವು. ಒಳಗೆ ಬರಲಿಲ್ಲ. ಇನ್ನೂ ಬರುವಷ್ಟು ಮನಸ್ಸಾಗಿಲ್ಲ.

ನಿನ್ನ ಪಾಠ ನಿಲ್ಲಲಿ ಎಂದು ನಾನು ಬಯಸಿರಲಿಲ್ಲ. ನಂಬುವುದಾದರೆ ನಂಬು.

ನಿನ್ನ ಕಾಗದವನ್ನು ಅವಳು ಬಸ್ಸಿನಲ್ಲಿ ಓದಿದಳು. ಪೆನ್ನು ತೆಗೆದು ಒಂಬತ್ತು ಎಂದು ಬರೆದಳು. ಕಲ್ಲೂರು ದಾಟುವವರೆಗೆ ಅದನ್ನೇ ನೋಡುತ್ತ ಕೂತಳು. ಆಮೇಲೆ ಹೊಡೆದು ಹಾಕಿ ಮತ್ತೆ ಎಂಟು ಮಾಡಿದಳು.

"ಭೀಮವ್ವನ್ನ ಒಳಗ ಬಿಟ್ಟ ದಿನ ಬರದು ಕಳಸ್ಲಿ," ಅಂದಳು, "ಅವತ್ತ ನೋಡ್ತೀನಿ."

ಅಮರಮ್ಮ